ಹಳೆಯ ಮರ್ಸಿಡಿಸ್ ಡಬ್ಲ್ಯು124 ಕಾರನ್ನು ದೂರದ ಪ್ರಯಾಣಕ್ಕೆ ಸಜ್ಜುಗೊಳಿಸುವ ಬಗೆ

ಮರ್ಸಿಡಿಸ್-ಬೆಂಝ್ 1984ರ ಕೊನೆಯಲ್ಲಿ ಹೊರತಂದ ಡಬ್ಲ್ಯು124 ಮಾದರಿಯು ಆ ಕಂಪನಿ ಭಾರತದಲ್ಲಿ ಜೋಡಿಸಿ ಮಾರಿದ ಮೊದಲ ಕಾರು. ಟೆಲ್ಕೋ (ಇಂದಿನ ಟಾಟಾ ಮೋಟರ್ಸ್) ಜೊತೆಗಿನ ಪಾಲುದಾರಿಕೆಯಲ್ಲಿ 1994ರಲ್ಲಿ ಇಲ್ಲಿಗೆ ಬಂದ ಕಂಪನಿಯು 1995ರಿಂದ ಪುಣೆಯಲ್ಲಿ ಇ220 ಪೆಟ್ರೋಲ್ ಮತ್ತು ಇ250 ಡೀಸೆಲ್ ಕಾರುಗಳನ್ನು ತಯಾರಿಸಿತು. ಬೆಂಗಳೂರಿನ ರಸ್ತೆಗಳಲ್ಲಿ ಇಂದಿಗೂ ಕಾಣುವ ಈ ಕಾರುಗಳಿಗೆ ಈಗ ಮೂವತ್ತರ ಆಸುಪಾಸಿನ ವಯಸ್ಸು. ಸರಿಯಾಗಿ ನೋಡಿಕೊಂಡರೆ ಬೆಂಗಳೂರಿನಿಂದ ಕರಾವಳಿಗಾಗಲಿ, ಹುಬ್ಬಳ್ಳಿ-ಬೆಳಗಾವಿ ದಾಟಿ ಪುಣೆಗಾಗಲಿ ಕುಟುಂಬ ಸಮೇತ ನಿಶ್ಚಿಂತೆಯಿಂದ ಹೋಗಿಬರಬಹುದು. ಆದರೆ ಹೊಸ ಕಾರಿಗೆ ಮಾಡುವಂತೆ ಹೊರಡುವ ಹಿಂದಿನ ದಿನ ಗಾಳಿ ತುಂಬಿಸಿ, ಆಯಿಲ್ ನೋಡಿ ಹೊರಟರೆ ಸಾಲದು.

ಈ ಕಾರಿನ ಉಕ್ಕು ಸವೆಯುವುದಕ್ಕೆ ಬಹಳ ಮೊದಲೇ ಅದರ ರಬ್ಬರು, ಪ್ಲಾಸ್ಟಿಕ್ಕು ಮತ್ತು ದ್ರವಗಳಿಗೆ ಮುಪ್ಪು ಬಂದಿರುತ್ತದೆ. ಎಂಜಿನ್‌ನ ಟೈಮಿಂಗ್ ಚೈನು ಲಕ್ಷಗಟ್ಟಲೆ ಕಿಲೋಮೀಟರ್ ಬಾಳಬಲ್ಲದು. ಆದರೆ ರೇಡಿಯೇಟರಿನ ಪ್ಲಾಸ್ಟಿಕ್ ಕತ್ತು ಕಾರು ಓಡಿದ್ದರೂ ಓಡದಿದ್ದರೂ ವರ್ಷಗಳ ಲೆಕ್ಕದಲ್ಲಿಯೇ ಗಡಸಾಗಿ ಸೀಳುತ್ತದೆ. ಆದ್ದರಿಂದಲೇ ಶೆಡ್ಡಿನಲ್ಲಿ ನಿಂತೇ ಕಾಲ ಕಳೆದ, ಕಡಿಮೆ ಓಡಿದ ಕಾರು ದೂರದ ಪ್ರಯಾಣಕ್ಕೆ ಹೆಚ್ಚು ಅಪಾಯಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ತಯಾರಿಯನ್ನು ಆರಂಭಿಸುವಾಗ ಪ್ರತಿ ಹೋಸ್, ಬೆಲ್ಟ್, ಬುಷ್ (ಕೀಲುಗಳಲ್ಲಿ ಕೂರುವ ರಬ್ಬರ್ ತುಂಡು) ಮತ್ತು ದ್ರವದ ಮುಂದೆ ಅದನ್ನು ಯಾವ ವರ್ಷ ಬದಲಾಯಿಸಲಾಯಿತು ಎಂದು ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ವರ್ಷ ಗೊತ್ತಿಲ್ಲದ ಭಾಗವನ್ನು ಹಳೆಯದೆಂದೇ ಎಣಿಸಿ.

ಈ ಕೆಲಸವನ್ನು ಪ್ರಯಾಣಕ್ಕೆ ಆರು ವಾರ ಮೊದಲು ಕೈಗೆತ್ತಿಕೊಳ್ಳುವುದು ಒಳ್ಳೆಯದು. ಬಿಡಿಭಾಗ ತರಿಸುವುದಕ್ಕೆ ಸಮಯ ಹಿಡಿಯುತ್ತದೆ ಎಂಬುದು ಒಂದು ಕಾರಣವಾದರೆ, ಬಿಚ್ಚಿ ಜೋಡಿಸಿದ ಕೆಲಸದ ತಪ್ಪು ಹೊರಬೀಳಲು ಕೆಲವು ನೂರು ಕಿಲೋಮೀಟರ್ ಓಡಿಸಬೇಕಾಗುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಸಡಿಲ ಉಳಿದ ಕ್ಲಿಪ್ಪು, ಸರಿಯಾಗಿ ಕೂರದ ವಾಷರು ಮೊದಲ ನಾಲ್ಕೈದು ದಿನಗಳಲ್ಲಿ ತಾವಾಗಿಯೇ ಗೊತ್ತಾಗುತ್ತವೆ. ಕೊನೆಯ ವಾರದಲ್ಲಿ ಸುರಕ್ಷತೆಗೆ ಸಂಬಂಧಪಡದ ಯಾವ ಭಾಗಕ್ಕೂ ಕೈ ಹಾಕಬೇಡಿ.

ಎಂಜಿನ್ ತಂಪು ಉಳಿಯಬೇಕಾದರೆ

ಹಳೆಯ ಕಾರುಗಳು ದಾರಿಯಲ್ಲಿ ನಿಲ್ಲಲು ಮುಖ್ಯ ಕಾರಣ ಬಿಸಿ. ನಮ್ಮ ಘಾಟಿಗಳಲ್ಲಿ ಈ ಮಾತು ಇನ್ನಷ್ಟು ನಿಜ. ಹೋಗುವಾಗ ಶಿರಾಡಿ ಘಾಟಿಯನ್ನು ಸಲೀಸಾಗಿ ಇಳಿದ ಕಾರು ಬರುವಾಗ ತುಂಬಿದ ಡಿಕ್ಕಿಯೊಂದಿಗೆ, ಎ.ಸಿ. ಹಾಕಿಕೊಂಡು, ಲಾರಿಗಳ ಸಾಲಿನ ಹಿಂದೆ ಗುಂಡ್ಯದಿಂದ ಸಕಲೇಶಪುರದವರೆಗೆ ನಿಧಾನವಾಗಿ ಏರಬೇಕಾಗುತ್ತದೆ. ತಂಪು ವ್ಯವಸ್ಥೆಯ ಎಲ್ಲ ದೌರ್ಬಲ್ಯವೂ ಹೊರಬರುವುದು ಅಲ್ಲಿಯೇ.

ಬಾನೆಟ್ ತೆರೆಯುವುದರಿಂದ ಆರಂಭಿಸೋಣ. ಡಬ್ಲ್ಯು124ರ ಬಾನೆಟ್‌ಗೆ ಎರಡು ನಿಲುವುಗಳಿವೆ. ಎರಡನೆಯದರಲ್ಲಿ ಅದು ಲಂಬವಾಗಿ ನೇರ ನಿಲ್ಲುವುದರಿಂದ ಎಂಜಿನ್‌ನ ಸುತ್ತಲೂ ಕೈ ಹೋಗುತ್ತದೆ. ತಣ್ಣಗಿರುವ ಎಂಜಿನ್‌ನಲ್ಲಿ ಮೇಲಿನ ಹೋಸ್ ರೇಡಿಯೇಟರಿಗೆ ಸೇರುವ ಜಾಗವನ್ನು ಟಾರ್ಚ್ ಹಿಡಿದು ನೋಡಿ. ಅಲ್ಲಿ ಹೋಸನ್ನು ಕೂರಿಸಿರುವ ಕತ್ತು ಪ್ಲಾಸ್ಟಿಕ್ಕಿನದು. ಕಪ್ಪು ಬಣ್ಣ ಮಾಸಿ ಕಂದು ತಿರುಗಿದ್ದರೆ, ಕ್ಲಿಪ್ಪಿನ ಅಂಚಿನಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕು ಕಂಡರೆ, ಅಥವಾ ಒಣಗಿದ ಕೂಲೆಂಟಿನ ಬಿಳಿ ಕಲೆ ಇದ್ದರೆ ರೇಡಿಯೇಟರನ್ನು ಬದಲಾಯಿಸಲೇಬೇಕು. ಅಂಟು ಹಚ್ಚಿ ನಿಭಾಯಿಸುವ ಜಾಗ ಅದಲ್ಲ. ಒತ್ತಡದಲ್ಲಿ ಆ ಕತ್ತು ಒಮ್ಮೆಲೇ ಮುರಿಯುತ್ತದೆ, ಕೂಲೆಂಟ್ ಪೂರ್ತಿ ಕ್ಷಣಮಾತ್ರದಲ್ಲಿ ರಸ್ತೆಗೆ ಹರಿಯುತ್ತದೆ.

ಹೋಸ್‌ಗಳನ್ನು ಬೆರಳಿನಿಂದ ಹಿಂಡಿ ನೋಡಿ. ಒಳ್ಳೆಯ ಹೋಸ್ ಬಾಗಿ ಮತ್ತೆ ಮೊದಲಿನ ಆಕಾರಕ್ಕೆ ಬರುತ್ತದೆ. ಹಳೆಯದು ಒಳಗೆ ಕರಕರ ಎನ್ನುತ್ತದೆ ಅಥವಾ ಜೊಳ್ಳಾಗಿ ಕುಸಿಯುತ್ತದೆ. ಹೀಟರಿಗೆ ಹೋಗುವ ಸಣ್ಣ ಹೋಸ್‌ಗಳು ಎಂಜಿನ್‌ನ ಹಿಂಬದಿಯಲ್ಲಿ ಅಡಗಿರುವುದರಿಂದ ಅವನ್ನು ಮರೆಯುವವರೇ ಹೆಚ್ಚು. ಎಲ್ಲ ಹೋಸ್‌ಗಳನ್ನೂ, ಎಂಜಿನ್ ಬಿಸಿಯಾದಾಗ ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಥರ್ಮೋಸ್ಟಾಟನ್ನೂ ಒಟ್ಟಿಗೆ ಬದಲಾಯಿಸುವುದೇ ಮೇಲು, ಏಕೆಂದರೆ ಅದಕ್ಕಾಗಿ ಕೂಲೆಂಟನ್ನು ಹೇಗೂ ಇಳಿಸಬೇಕಾಗುತ್ತದೆ.

ಕೂಲೆಂಟ್ ಬದಲಾಯಿಸುವಾಗ ಕಂಪನಿ ಒಪ್ಪಿದ ದರ್ಜೆಯದನ್ನು ಡಿಸ್ಟಿಲ್ಡ್ ವಾಟರಿನೊಂದಿಗೆ ಅರ್ಧಕ್ಕರ್ಧ ಬೆರೆಸಿ ಹಾಕಿ. ಬೋರ್‌ವೆಲ್ ನೀರಿನ ಗಡಸುತನದಿಂದ ರೇಡಿಯೇಟರಿನ ಸಣ್ಣ ನಾಳಗಳಲ್ಲಿ ಸುಣ್ಣದ ಪದರ ಕಟ್ಟುತ್ತದೆ. ಪಾತ್ರೆಯ ತಳದಲ್ಲಿ ಕಟ್ಟುವ ಆ ಬಿಳಿ ಪದರವನ್ನು ನೋಡಿದ ಯಾರಿಗೂ ಇದನ್ನು ವಿವರಿಸಬೇಕಾಗಿಲ್ಲ. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು, ಹೀಟರಿನ ಗುಂಡಿಯನ್ನು ಪೂರ್ತಿ ಬಿಸಿಯ ಕಡೆಗೆ ತಿರುಗಿಸಿ, ರೇಡಿಯೇಟರಿನ ಕೆಳಗಿನ ಪ್ಲಗ್ ಮತ್ತು ಎಂಜಿನ್ ಬ್ಲಾಕಿನ ಪ್ಲಗ್ ಎರಡನ್ನೂ ಬಿಚ್ಚಿ ಹಳೆಯದನ್ನು ಇಳಿಸಿ. ಹೊಸದನ್ನು ನಿಧಾನವಾಗಿ ತುಂಬಿ ಎಂಜಿನ್ ಚಾಲೂ ಮಾಡಿ, ಸುಮಾರು 85 ಡಿಗ್ರಿಯಲ್ಲಿ ಥರ್ಮೋಸ್ಟಾಟ್ ತೆರೆದು ಮೇಲಿನ ಹೋಸ್ ಬಿಸಿಯಾಗುವವರೆಗೆ ಕಾದು, ಎಂಜಿನ್ ಮತ್ತೆ ತಣ್ಣಗಾದ ಮೇಲೆ ಮಟ್ಟ ನೋಡಿ ಉಳಿದದ್ದನ್ನು ಸೇರಿಸಿ. ಬಿಸಿ ಎಂಜಿನ್‌ನ ಮುಚ್ಚಳವನ್ನು ಎಂದಿಗೂ ತೆರೆಯಬಾರದು.

ಎಂಜಿನ್‌ನಿಂದಲೇ ತಿರುಗುವ ದೊಡ್ಡ ಫ್ಯಾನಿನ ನಡುವೆ ವಿಸ್ಕಸ್ ಕಪ್ಲಿಂಗ್ ಇರುತ್ತದೆ. ಒಳಗಿನ ಸಿಲಿಕೋನ್ ಎಣ್ಣೆಯು ಬಿಸಿಯಾದಾಗ ಫ್ಯಾನನ್ನು ಹಿಡಿದು ತಿರುಗಿಸುತ್ತದೆ. ವರ್ಷಗಳು ಕಳೆದಂತೆ ಆ ಎಣ್ಣೆ ಸೋರಿ ಹಿಡಿತ ತಪ್ಪುತ್ತದೆ. ಚೆನ್ನಾಗಿ ಬಿಸಿಯಾದ ಎಂಜಿನನ್ನು ನಿಲ್ಲಿಸಿ, ಕೀಲಿ ತೆಗೆದು, ಫ್ಯಾನನ್ನು ಕೈಯಿಂದ ತಿರುಗಿಸಿದಾಗ ಅದು ತಡೆಯೇ ಇಲ್ಲದೆ ಒಂದೆರಡು ಸುತ್ತು ಹೋದರೆ ಕಪ್ಲಿಂಗ್ ಕೆಟ್ಟಿದೆ ಎಂದರ್ಥ. ನಗರದ ಓಡಾಟದಲ್ಲಿ ಈ ದೋಷ ಮರೆಯಲ್ಲಿಯೇ ಉಳಿಯಬಹುದು, ಘಾಟಿಯಲ್ಲಿ ಉಳಿಯುವುದಿಲ್ಲ. ಈ ಪರೀಕ್ಷೆ ಮಾಡುವಾಗ ಒಂದು ಎಚ್ಚರವಿರಲಿ: ರೇಡಿಯೇಟರಿನ ಮುಂದಿರುವ ವಿದ್ಯುತ್ ಫ್ಯಾನು ಯಾವಾಗ ಬೇಕಾದರೂ ತಿರುಗಬಹುದು, ಅದರ ಹತ್ತಿರ ಕೈ ಒಯ್ಯಬೇಡಿ.

ನೀರಿನ ಪಂಪು, ಆಲ್ಟರ್ನೇಟರ್, ಪವರ್ ಸ್ಟೀರಿಂಗ್ ಮತ್ತು ಎ.ಸಿ.ಗಳೆಲ್ಲವನ್ನೂ ತಿರುಗಿಸುವುದು ಒಂದೇ ಉದ್ದನೆಯ ಬೆಲ್ಟು. ಅದು ಹರಿದರೆ ಎಲ್ಲವೂ ಒಮ್ಮೆಲೇ ನಿಲ್ಲುತ್ತವೆ. ಬೆಲ್ಟನ್ನು ಮಾತ್ರ ಬದಲಾಯಿಸಿ, ಅದನ್ನು ಬಿಗಿಯಾಗಿ ಹಿಡಿದಿಡುವ ಟೆನ್ಷನರನ್ನು ಹಾಗೆಯೇ ಬಿಡುವುದು ಅರ್ಧ ಕೆಲಸ. ಎಂಜಿನ್ ಐಡಲ್‌ನಲ್ಲಿರುವಾಗ (ಆಕ್ಸಿಲರೇಟರ್ ಒತ್ತದೆ ಓಡುತ್ತಿರುವಾಗ) ಟೆನ್ಷನರಿನ ತೋಳನ್ನು ಗಮನಿಸಿ. ಅದು ಎಡಬಿಡದೆ ನಡುಗುತ್ತಿದ್ದರೆ ಅದರ ರಬ್ಬರು ಅಥವಾ ಪಕ್ಕದ ಸಣ್ಣ ಡ್ಯಾಂಪರು ಹೋಗಿದೆ.

ಕಾರಿನ ಅಡಿಯಲ್ಲಿ

ಲಿಫ್ಟ್ ಇರುವ ಗ್ಯಾರೇಜಿನಲ್ಲಿ ಅರ್ಧ ದಿನ ಕೇಳಿಕೊಂಡು ಮೆಕ್ಯಾನಿಕ್ ಜೊತೆ ನೀವೂ ಕಾರಿನ ಕೆಳಗೆ ನಿಲ್ಲಿ. ಮೊದಲು ಮುಂದಿನ ಲೋಯರ್ ಆರ್ಮ್‌ನ ಬಾಲ್ ಜಾಯಿಂಟ್. ಅದರ ರಬ್ಬರ್ ಟೋಪಿ ಹರಿದಿದ್ದರೆ ಗ್ರೀಸು ಹೋಗಿ ಧೂಳು-ನೀರು ಒಳಸೇರಿವೆ ಎಂದು ತಿಳಿಯಬೇಕು. ಚಕ್ರ ತೂಗುವಂತೆ ಎತ್ತಿ, ಉದ್ದನೆಯ ಸಬ್ಬಲಿನಿಂದ ಮೆಲ್ಲನೆ ಮೀಟಿದಾಗ ಆಟ ಕಂಡರೆ ಎರಡೂ ಬದಿಯದನ್ನು ಬದಲಾಯಿಸಿ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಓರೆಯಾಗಿ ಮಡಚಿ ಕಾರು ಕೈತಪ್ಪುತ್ತದೆ. ಈ ಒಂದು ವಿಷಯದಲ್ಲಿ ಹಣ ಉಳಿಸುವ ಯೋಚನೆ ಬೇಡವೇ ಬೇಡ.

ಮುಂದಿನದು, ಎಂಜಿನ್‌ನ ಬಲವನ್ನು ಹಿಂದಿನ ಚಕ್ರಗಳಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಎರಡು ತುದಿಗಳಲ್ಲಿರುವ ದಪ್ಪ ರಬ್ಬರ್ ಬಿಲ್ಲೆಗಳು. ಇವುಗಳ ಬೋಲ್ಟ್ ಮತ್ತು ಬೋಲ್ಟ್ ನಡುವಿನ ಜಾಗದಲ್ಲಿ ಬಿರುಕು ಬಿಟ್ಟಿದ್ದರೆ, ಅಥವಾ ಒಳಗಿನ ದಾರದ ಎಳೆಗಳು ಹೊರಗೆ ಕಾಣುತ್ತಿದ್ದರೆ ಅವುಗಳ ಕಾಲ ಮುಗಿದಿದೆ. ಬಿಚ್ಚುವ ಮೊದಲು ಶಾಫ್ಟ್‌ನ ಎರಡು ತುಂಡುಗಳು ಸೇರುವಲ್ಲಿ ಬಣ್ಣದಿಂದ ಗೆರೆ ಎಳೆದು, ಜೋಡಿಸುವಾಗ ಅದೇ ಗೆರೆಗೆ ಕೂರಿಸಬೇಕು. ಇಲ್ಲದಿದ್ದರೆ ವೇಗ ಹೆಚ್ಚಿದಾಗ ಇಡೀ ಕಾರು ನಡುಗುತ್ತದೆ. ಹಳೆಯ ಲಾಕ್ ನಟ್‌ಗಳನ್ನು ಮತ್ತೆ ಬಳಸಬಾರದು. ಶಾಫ್ಟ್‌ನ ನಡುವಿನ ಬೇರಿಂಗನ್ನು ಇದೇ ಹೊತ್ತಿನಲ್ಲಿ ಹೊಸದು ಹಾಕಿದರೆ ಮತ್ತೊಮ್ಮೆ ಬಿಚ್ಚುವ ಕೂಲಿ ಉಳಿಯುತ್ತದೆ.

ಹೆದ್ದಾರಿಯಲ್ಲಿ ಕಾರು ಆ ಕಡೆ ಈ ಕಡೆ ಅಲೆಯುತ್ತಿದ್ದರೆ ಎಲ್ಲರೂ ಸ್ಟೀರಿಂಗ್ ಬಾಕ್ಸನ್ನು ದೂರುತ್ತಾರೆ. ಹಲವು ಸಲ ದೋಷವಿರುವುದು ಅದರ ಎದುರು ಬದಿಯ ಐಡ್ಲರ್ ಆರ್ಮ್‌ನ ಬುಷ್‌ನಲ್ಲಿ. ಸ್ಟೀರಿಂಗ್ ಬಾಕ್ಸಿನ ಬೆಲೆಯ ಮುಂದೆ ಆ ಬುಷ್‌ನ ಬೆಲೆ ಲೆಕ್ಕಕ್ಕೇ ಇಲ್ಲ, ಆದ್ದರಿಂದ ಅದನ್ನು ಮೊದಲು ಬದಲಾಯಿಸಿ ನೋಡಿ. ಹಿಂದಿನ ಚಕ್ರಗಳನ್ನು ಬದಿಗೆ ಐದರಂತೆ ಹಿಡಿದಿರುವ ಕೊಂಡಿಗಳ ರಬ್ಬರುಗಳೂ ವಯಸ್ಸಾದವೇ. ಈ ಕೆಲಸಗಳೆಲ್ಲ ಮುಗಿದ ಮೇಲೆಯೇ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.

ಬಿಡಿಭಾಗಗಳ ಬಗ್ಗೆ ಇಲ್ಲಿಯೇ ಒಂದು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿದರೆ ಒಂದೇ ಭಾಗ ಹಲವು ಬೆಲೆಗಳಲ್ಲಿ ಸಿಗುತ್ತದೆ. ಲೋಹದ ಬ್ರಾಕೆಟ್ಟು, ಗ್ರಿಲ್ಲು, ಗಾಜುಗಳನ್ನು ಹಳೆಯ ಕಾರಿನಿಂದ ತೆಗೆದದ್ದಾದರೂ ಕೊಳ್ಳಬಹುದು. ರಬ್ಬರಿನ ಭಾಗವನ್ನು ಮಾತ್ರ ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ, ಹೆಸರಿಲ್ಲದ ಅಗ್ಗದ ಸರಕನ್ನೂ ಕೊಳ್ಳಬೇಡಿ. ಲೆಮ್‌ಫೋರ್ಡರ್, ಬಾಷ್, ಮಾನ್ ಇಂಥ ತಯಾರಕರ ಭಾಗಗಳಿಗೆ ಕೊಡುವ ಹೆಚ್ಚಿನ ಹಣವು ಎರಡನೆಯ ಸಲ ಬಿಚ್ಚುವ ಕೂಲಿಗಿಂತ ಕಡಿಮೆಯೇ ಆಗುತ್ತದೆ.

ಬ್ರೇಕ್ ಮತ್ತು ಟಯರ್

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯದೆ ಇರಬೇಕು. ತೇವ ಹೀರಿದ ಸ್ಥಿತಿಗೆ ಅದೇ ದರ್ಜೆಯ ಕನಿಷ್ಠ ಮಿತಿ 155 ಡಿಗ್ರಿ. ಚಾರ್ಮಾಡಿಯಂಥ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಹಿಡಿದು ಇಳಿದರೆ ಆಯಿಲ್ ಕುದಿದು, ಪೆಡಲ್ ನೆಲಕ್ಕೆ ತಾಗುವ ಅಪಾಯವಿರುವುದು ಇದರಿಂದಲೇ. ಎರಡು ವರ್ಷಕ್ಕೊಮ್ಮೆ ತಪ್ಪದೆ ಬದಲಾಯಿಸಿ. ಬ್ರೇಕಿನ ರಬ್ಬರ್ ಹೋಸ್‌ಗಳು ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದ್ರವ ಹಿಂದಿರುಗದಂತೆ ತಡೆಯಬಹುದು. ಇಪ್ಪತ್ತು ಕಿಲೋಮೀಟರ್ ಓಡಿಸಿ, ಬ್ರೇಕನ್ನು ಹೆಚ್ಚು ಬಳಸದೆ ಕಾರು ನಿಲ್ಲಿಸಿ, ಪ್ರತಿ ಚಕ್ರದ ಬಳಿ ಮುಟ್ಟದೆ ಅಂಗೈ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಕಾವು ಸೂಸುತ್ತಿದ್ದರೆ ಆ ಬದಿಯ ಹೋಸ್ ಅಥವಾ ಕ್ಯಾಲಿಪರ್ ಹಿಡಿದುಕೊಂಡಿದೆ.

ಟಯರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ ಅದು 2019ರ 23ನೆಯ ವಾರದ್ದು. ಹಲ್ಲು ಎಷ್ಟೇ ಉಳಿದಿರಲಿ, ಆರೇಳು ವರ್ಷ ದಾಟಿದ ಟಯರಿನಲ್ಲಿ ದೂರ ಹೋಗಬೇಡಿ. ಡಿಕ್ಕಿಯಲ್ಲಿರುವ ಸ್ಟೆಪ್ನಿಗೂ ಇದೇ ನಿಯಮ. ಕಾರಿಗೆ ಅಲಾಯ್ ಚಕ್ರಗಳಿದ್ದು ಸ್ಟೆಪ್ನಿ ಉಕ್ಕಿನದಾಗಿದ್ದರೆ ಒಂದು ಮುಖ್ಯ ಸಂಗತಿಯಿದೆ: ಅಲಾಯ್ ಚಕ್ರದ ಬೋಲ್ಟ್‌ಗಳು ಉದ್ದವಾಗಿರುತ್ತವೆ, ಅವನ್ನೇ ಉಕ್ಕಿನ ಚಕ್ರಕ್ಕೆ ಹಾಕಿದರೆ ತುದಿಗಳು ಒಳಗೆ ಚಾಚಿಕೊಂಡು ಹಿಂದಿನ ಹ್ಯಾಂಡ್‌ಬ್ರೇಕ್ ಶೂಗಳನ್ನು ಹಾಳು ಮಾಡಬಹುದು. ಉಕ್ಕಿನ ಚಕ್ರದ ಐದು ಗಿಡ್ಡ ಬೋಲ್ಟ್‌ಗಳನ್ನು ಸ್ಟೆಪ್ನಿಯ ಜೊತೆಗೇ ಕಟ್ಟಿಡಿ. ಬೋಲ್ಟ್‌ಗಳನ್ನು 110 ನ್ಯೂಟನ್ ಮೀಟರಿಗೆ ಬಿಗಿದು, ಸುಮಾರು ಐವತ್ತು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಡೀಸೆಲ್ ಎಂಜಿನ್, ಪೆಟ್ರೋಲ್ ಎಂಜಿನ್

ಇ250ರ ಐದು ಸಿಲಿಂಡರ್‌ಗಳ ಡೀಸೆಲ್ ಎಂಜಿನ್ ಗಟ್ಟಿಮುಟ್ಟಾದದ್ದು. ಅದರ ಬಾಷ್ ಇಂಜೆಕ್ಷನ್ ಪಂಪಿಗೆ ನಮ್ಮ ನೆಲದಲ್ಲಿ ಒಳ್ಳೆಯ ಕೈಗಳೂ ಸಿಗುತ್ತವೆ. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ದಶಕಗಳ ಕಾಲ ಬಾಷ್ ತಂತ್ರಜ್ಞಾನದ ಡೀಸೆಲ್ ಪಂಪು ಮತ್ತು ನಾಜಲ್‌ಗಳನ್ನು ತಯಾರಿಸಿದ್ದರಿಂದ, ಟೆಸ್ಟ್ ಬೆಂಚ್ ಇಟ್ಟುಕೊಂಡು ಅವನ್ನು ಸರಿಪಡಿಸಬಲ್ಲ ನುರಿತವರು ಲಾರಿಗಳು ಹೆಚ್ಚು ನಿಲ್ಲುವ ಊರುಗಳಲ್ಲೆಲ್ಲ ಇದ್ದಾರೆ. ಹೊಗೆ ಹೆಚ್ಚಿದ್ದರೆ ಅಥವಾ ಪಿಕಪ್ ಕುಗ್ಗಿದ್ದರೆ ಮೊದಲು ನಾಜಲ್‌ಗಳನ್ನು ಅಂಥವರಲ್ಲಿ ಪರೀಕ್ಷಿಸಿ, ಪಂಪಿಗೆ ಕೊನೆಯಲ್ಲಿ ಕೈ ಹಾಕಿ.

ಹೆಚ್ಚಿನ ತೊಂದರೆ ಗಾಳಿಯಿಂದ. ಟ್ಯಾಂಕಿನಿಂದ ಪಂಪಿನವರೆಗಿನ ಕೊಳವೆಗಳ ಜೋಡಣೆಯಲ್ಲಿ, ಓ-ರಿಂಗ್‌ಗಳಲ್ಲಿ, ನಾಜಲ್‌ಗಳ ನಡುವಿನ ಸಣ್ಣ ರಿಟರ್ನ್ ಹೋಸ್‌ಗಳಲ್ಲಿ ರಬ್ಬರು ಗಡಸಾದರೆ ಗಾಳಿ ಒಳಸೇರುತ್ತದೆ. ಬೆಳಿಗ್ಗೆ ಸೆಲ್ಫ್ ಹೆಚ್ಚು ಹೊತ್ತು ಹೊಡೆಯಬೇಕಾದರೆ ಅದೇ ಮೊದಲ ಸೂಚನೆ. ರಿಟರ್ನ್ ಹೋಸ್ ಅಗ್ಗದ ವಸ್ತು. ಎಲ್ಲವನ್ನೂ ಒಂದೇ ಸಲ ಹೊಸದು ಹಾಕಿ, ಒಂದು ಮೀಟರ್ ಹೆಚ್ಚುವರಿಯಾಗಿ ಇಟ್ಟುಕೊಳ್ಳಿ. ಡೀಸೆಲ್ ಫಿಲ್ಟರ್ ಬದಲಾಯಿಸುವಾಗ ಹೊಸ ಫಿಲ್ಟರನ್ನು ಶುದ್ಧ ಡೀಸೆಲ್‌ನಿಂದ ತುಂಬಿಯೇ ಕೂರಿಸಬೇಕು.

ಆಫ್ ಮಾಡಲು ಕೀಲಿ ತಿರುಗಿಸಿದ ಮೇಲೂ ಡೀಸೆಲ್ ಎಂಜಿನ್ ಒಂದೆರಡು ಕ್ಷಣ ಓಡಿ ನಿಂತರೆ ಅದನ್ನು ಹಳೆಯ ಕಾರಿನ ಸ್ವಭಾವವೆಂದು ಬಿಡಬೇಡಿ. ನಿರ್ವಾತದ ಬಲದಿಂದ ಎಂಜಿನನ್ನು ನಿಲ್ಲಿಸುವ ವ್ಯವಸ್ಥೆಯಲ್ಲಿ ಎಲ್ಲಿಯೋ ಸೋರಿಕೆಯಿದೆ ಎಂದು ಅದು ಹೇಳುತ್ತಿರುತ್ತದೆ. ಈ ವ್ಯವಸ್ಥೆಗೂ ಬ್ರೇಕ್ ಬೂಸ್ಟರಿಗೂ ನಿರ್ವಾತ ಒದಗಿಸುವುದು ಎಂಜಿನ್‌ನ ಮುಂಭಾಗದ ವ್ಯಾಕ್ಯೂಮ್ ಪಂಪೇ. ಈ ಪೀಳಿಗೆಯ ಕೆಲವು ಡೀಸೆಲ್ ಎಂಜಿನ್‌ಗಳಲ್ಲಿ ಅದರ ಬೇರಿಂಗ್ ಒಡೆದು, ಗುಂಡುಗಳು ಟೈಮಿಂಗ್ ಚೈನಿನೊಳಗೆ ಬಿದ್ದು ಎಂಜಿನ್ನೇ ಹಾಳಾದದ್ದುಂಟು. ಆ ಕಡೆಯಿಂದ ಟಕಟಕ ಸದ್ದು ಬರುತ್ತಿದ್ದರೆ ಪಂಪನ್ನು ಬಿಚ್ಚಿಸಿ ನೋಡದೆ ಹೊರಡಬೇಡಿ.

ಇ220 ಪೆಟ್ರೋಲ್ ಕಾರಿನಲ್ಲಿ ನೋಡಬೇಕಾದದ್ದು ಎಂಜಿನ್‌ನ ವೈರಿಂಗ್. 1990ರ ದಶಕದ ಮೊದಲ ಭಾಗದ ಈ ಕಾರುಗಳಲ್ಲಿ ವೈರುಗಳ ಮೇಲಿನ ಹೊದಿಕೆ ಬಿಸಿಗೆ ಪುಡಿಪುಡಿಯಾಗುತ್ತದೆ. ಇಂಜೆಕ್ಟರ್‌ನ ಕನೆಕ್ಟರ್ ಬಳಿ ಕಪ್ಪು ಟೇಪನ್ನು ಸ್ವಲ್ಪ ಸರಿಸಿದಾಗ ಹೊದಿಕೆ ಉದುರಿ ತಾಮ್ರ ಕಂಡರೆ, ಇಡೀ ವೈರಿಂಗನ್ನು ಬದಲಾಯಿಸುವುದೊಂದೇ ಮಾರ್ಗ. ಈಗ ಬಂಕುಗಳಲ್ಲಿ ಸಿಗುವ ಶೇ. 20 ಎಥೆನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರ್ ಹೋಸ್‌ಗಳನ್ನು ಹಾಳು ಮಾಡಬಲ್ಲದು. ಟ್ಯಾಂಕಿನ ಬಳಿಯ ಹೋಸ್‌ಗಳನ್ನು ಎಥೆನಾಲ್ ತಾಳುವ ಬಗೆಯದಕ್ಕೆ ಬದಲಾಯಿಸಿಕೊಳ್ಳಿ.

ವಿದ್ಯುತ್ ಮತ್ತು ಮಳೆ

ಈ ಕಾರಿನ ಫ್ಯೂಸುಗಳು ಎರಡು ತುದಿ ಚೂಪಾದ ಹಳೆಯ ಬಗೆಯವು. ಅವುಗಳ ಮೇಲೆ ಪದರ ಕಟ್ಟಿ, ಸುಟ್ಟಿರದಿದ್ದರೂ ವಿದ್ಯುತ್ ಹರಿಯದಂತಾಗುತ್ತದೆ. ಎಲ್ಲವನ್ನೂ ಒಮ್ಮೆ ಹೊಸದು ಹಾಕುವ ಖರ್ಚು ಅಲ್ಪ. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರಬೇಕು. ಕಡಿಮೆಯಿದ್ದರೆ ಆಲ್ಟರ್ನೇಟರಿನ ಹಿಂಭಾಗದ ರೆಗ್ಯುಲೇಟರ್ ಬಿಚ್ಚಿ ಕಾರ್ಬನ್ ಬ್ರಷ್‌ಗಳನ್ನು ಅಳೆಯಿರಿ. 5 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ ರೆಗ್ಯುಲೇಟರನ್ನೇ ಬದಲಾಯಿಸಬೇಕು.

ಮಳೆಗಾಲದಲ್ಲಿ ಆಗುಂಬೆಯ ಕಡೆಗೆ ಹೋಗುವವರು ವೈಪರನ್ನು ಮರೆಯಬಾರದು. ಡಬ್ಲ್ಯು124ಕ್ಕೆ ಒಂದೇ ವೈಪರು. ಅದು ಗಾಜಿನ ಮೂಲೆಗಳನ್ನು ಮುಟ್ಟುವುದಕ್ಕಾಗಿ ತಿರುಗುತ್ತಲೇ ಹೊರಕ್ಕೆ ಚಾಚಿ ಒಳಕ್ಕೆ ಸರಿಯುತ್ತದೆ. ಆ ಚಲನೆಯನ್ನು ಮಾಡಿಸುವ ಒಳಗಿನ ಹಲ್ಲುಚಕ್ರಗಳ ಗ್ರೀಸು ಒಣಗಿದರೆ ವೈಪರು ನಿಧಾನವಾಗಿ, ಕೊನೆಗೊಮ್ಮೆ ಸುರಿಮಳೆಯಲ್ಲಿ ನಿಂತುಬಿಡಬಹುದು. ಎರಡನೆಯ ವೈಪರಿನ ಆಸರೆ ಇಲ್ಲಿಲ್ಲ. ಮೇಲಿನ ಮುಚ್ಚಳ ತೆಗೆದು ಹಳೆಯ ಗ್ರೀಸನ್ನು ಒರೆಸಿ ಹೊಸದನ್ನು ತುಂಬಿ. ಮುಂದಿನ ಗಾಜಿನ ಕೆಳಗಿನ ತೂಬುಗಳಲ್ಲಿ ಎಲೆ ಕಟ್ಟಿಕೊಂಡಿದ್ದರೆ ಅದನ್ನೂ ತೆಗೆಯಿರಿ, ಇಲ್ಲವಾದರೆ ನೀರು ಕಾರಿನೊಳಗೆ ಇಳಿಯುತ್ತದೆ.

ಜೊತೆಗೆ ಒಯ್ಯಬೇಕಾದವು

ದಾರಿಯ ಊರುಗಳಲ್ಲಿ ಸಿಗದ, ಆದರೆ ಸಣ್ಣ ಗ್ಯಾರೇಜಿನಲ್ಲಿ ಯಾರಾದರೂ ಹಾಕಿಕೊಡಬಹುದಾದ ಭಾಗಗಳನ್ನು ಮಾತ್ರ ಆರಿಸಿಕೊಳ್ಳಿ: ಬೆಲ್ಟು, ರೇಡಿಯೇಟರಿನ ಮೇಲಿನ ಹೋಸ್, ಕ್ಲಿಪ್ಪುಗಳು, ಇಂಧನ ಫಿಲ್ಟರ್, ಬ್ರಷ್ ಸಹಿತ ರೆಗ್ಯುಲೇಟರ್, ಫ್ಯೂಸು-ಬಲ್ಬುಗಳು, ಬೆರೆಸಿಟ್ಟ ಎರಡು ಲೀಟರ್ ಕೂಲೆಂಟ್, ಒಂದು ಲೀಟರ್ ಎಂಜಿನ್ ಆಯಿಲ್. ಚಕ್ರದ ಬೋಲ್ಟಿಗೆ 17ರ ಸಾಕೆಟ್ ಮತ್ತು ಉದ್ದ ಹಿಡಿಯ ಪಾನಾ ಬೇಕು. ಚಕ್ರವನ್ನು ತೂಗುಹಾಕಿ ಸರಿಹೊಂದಿಸಲು ಕಂಪನಿ ಕೊಟ್ಟಿದ್ದ ಗೈಡ್ ಪಿನ್ ಟೂಲ್ ಕಿಟ್‌ನಲ್ಲಿ ಇದೆಯೇ ನೋಡಿ. ಅದಿಲ್ಲದೆ ರಾತ್ರಿ ಹೊತ್ತು ರಸ್ತೆ ಬದಿಯಲ್ಲಿ ಬೋಲ್ಟಿನ ತೂತು ಹುಡುಕುವುದು ತ್ರಾಸದ ಕೆಲಸ. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿ ನವೀಕರಣ, ವಿಮೆ ಮತ್ತು ಹೊಗೆ ತಪಾಸಣೆಯ ಪತ್ರಗಳು ಜೊತೆಗಿರಲಿ. ದೆಹಲಿಯ ಕಡೆಗೆ ಹೋಗುವುದಾದರೆ ಹಳೆಯ ವಾಹನಗಳ ಬಗ್ಗೆ ಅಲ್ಲಿ ಜಾರಿಯಲ್ಲಿರುವ ನಿಯಮವನ್ನು ಮೊದಲೇ ತಿಳಿದುಕೊಳ್ಳಿ.

ಓಡಿಸುವಾಗ

ಡಬ್ಲ್ಯು124ರ ಆಯಿಲ್ ಪ್ರೆಷರ್ ಮುಳ್ಳು ಹೆದ್ದಾರಿಯ ವೇಗದಲ್ಲಿ 3ರ ಗುರುತಿನಲ್ಲಿ ನಿಂತಿರಬೇಕು. ಬಿಸಿ ಎಂಜಿನ್ ಐಡಲ್‌ನಲ್ಲಿರುವಾಗ ಅದು ಕೆಳಗಿಳಿಯುವುದು ಸಹಜ, 0.3ಕ್ಕಿಂತ ಕೆಳಗೆ ಇಳಿಯಬಾರದು. ಆಕ್ಸಿಲರೇಟರ್ ಒತ್ತಿದ ಕೂಡಲೇ ಮೇಲೇಳಬೇಕು. ಬಿಸಿಯ ಮುಳ್ಳು 80ರಿಂದ 100ರ ನಡುವೆ ಇರುವುದು ವಾಡಿಕೆ. ಏರಿನಲ್ಲಿ 100 ದಾಟಿ ಏರುತ್ತಲೇ ಹೋದರೆ ಎ.ಸಿ. ನಿಲ್ಲಿಸಿ, ಗೇರ್ ಇಳಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಕಿಟಕಿ ತೆರೆಯಿರಿ. ಆಗಲೂ ಇಳಿಯದಿದ್ದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ. ಮುಳ್ಳು ಕೆಂಪು ಗುರುತಿನಿಂದ ದೂರವಿದ್ದು ಕೂಲೆಂಟ್ ಸೋರುತ್ತಿಲ್ಲವಾದರೆ ಎಂಜಿನನ್ನು ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಬಹುದು. ಸೋರುತ್ತಿದ್ದರೆ ಅಥವಾ ಬೆಲ್ಟ್ ಹರಿದಿದ್ದರೆ ತಕ್ಷಣ ಆಫ್ ಮಾಡಬೇಕು. ಇಳಿಜಾರಿನಲ್ಲಿ, ಏರುವಾಗ ಬೇಕಾಗುವ ಗೇರಿನಲ್ಲಿಯೇ ಇಳಿಯಿರಿ.

ಮೊದಲ ದಿನದ ಪ್ರಯಾಣ ಮುಗಿಸಿ ತಂಗುವ ಊರಿನಲ್ಲಿ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಕೆಳಗೆ ಅಗಲವಾದ ಹಳೆಯ ರಟ್ಟೊಂದನ್ನು ಹಾಸಿ. ಬೆಳಿಗ್ಗೆ ರಟ್ಟಿನ ಮೇಲೆ ಬಿದ್ದ ಹನಿಯ ಜಾಗ ಮತ್ತು ಬಣ್ಣ ಸೋರಿಕೆ ಎಲ್ಲಿಯದೆಂದು ತಿಳಿಸುತ್ತದೆ: ಮುಂಭಾಗದಲ್ಲಿ ನೀಲಿ ಅಥವಾ ಹಸಿರು ಬಣ್ಣದ್ದಾದರೆ ಕೂಲೆಂಟ್, ಕೆಂಪಾಗಿದ್ದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನದು, ಚಕ್ರದ ಒಳಬದಿಯಲ್ಲಿ ತಿಳಿಯಾದ ಜಿಡ್ಡಾದರೆ ಬ್ರೇಕ್ ಆಯಿಲ್. ಮೊದಲ ಎರಡಕ್ಕೆ ಮಟ್ಟ ನೋಡಿ, ಸೇರಿಸಿ, ಮುಂದುವರಿಯಬಹುದು. ಮೂರನೆಯದಾದರೆ ಅದು ಸರಿಯಾಗುವವರೆಗೆ ಕಾರನ್ನು ಅಲ್ಲಿಂದ ಕದಲಿಸಬೇಡಿ.